ಅಪಾರ್ಟ್‌ಮೆಂಟ್‌ನಲ್ಲಿ ನೆರೆಮನೆಯವರೊಡನೆ ತಕರಾರು ಬಂದಾಗ ಏನು ಮಾಡಬೇಕು

ಎರಡನೇ ಮಹಡಿಯ ಮನೆಯೊಂದರ ಮಲಗುವ ಕೋಣೆಯಲ್ಲಿ, ಚಾವಣಿಯ ಮೂಲೆಯಲ್ಲಿ ಅಂಗೈಯಗಲದ ಹಳದಿ ಕಲೆಯೊಂದು ಮೂಡಿತ್ತು. ಅಲ್ಲಿನ ಬಣ್ಣ ಉಬ್ಬಿಕೊಂಡು, ಬೆರಳಿನಿಂದ ಮುಟ್ಟಿದರೆ ಹಪ್ಪಳದ ಹಾಗೆ ಮುರಿದು ಉದುರುತ್ತಿತ್ತು. ಇದು ಮೇಲ್ಮನೆಯ ಬಾತ್‌ರೂಮಿನ ನೀರೇ ಎಂದು ಆ ಮನೆಯವರು ತೀರ್ಮಾನಿಸಿ, ಅದೇ ರಾತ್ರಿ ಕಲೆಯ ಚಿತ್ರವನ್ನೂ ಮೇಲ್ಮನೆಯ ಸಂಖ್ಯೆಯನ್ನೂ ಅಪಾರ್ಟ್‌ಮೆಂಟ್‌ನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟರು. ಮೇಲ್ಮನೆಯವರಿಗೆ ಎಲ್ಲರೆದುರು ಅವಮಾನವಾದಂತಾಯಿತು. ಆದರೂ ಅವರು ಟೈಲ್ಸ್ ಒಡೆಸಿ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದರು. ಕಲೆ ಮಾತ್ರ ಒಣಗಲಿಲ್ಲ. ಐದು ತಿಂಗಳ ಮೇಲೆ ಪ್ಲಂಬರ್ ಒಬ್ಬರು, ಪೈಪುಗಳೆಲ್ಲ ಇಳಿಯುವ ಕಿಂಡಿಯಾದ ಡಕ್ಟ್‌ನೊಳಗೆ ಟಾರ್ಚ್ ಬಿಟ್ಟು ನೋಡಿದಾಗ, ತಾರಸಿಯಿಂದ ಇಳಿಯುವ ಮಳೆನೀರಿನ ಪೈಪಿನ ಜಾಯಿಂಟ್ ಬಿಟ್ಟುಕೊಂಡಿರುವುದು ಕಂಡಿತು. ಆ ಪೈಪ್ ಮನೆ ಮಾಲೀಕರ ಸಂಘದ ಸ್ವತ್ತು, ಅದನ್ನು ಸರಿಪಡಿಸಬೇಕಾದದ್ದು ಸಂಘದ ಹೊಣೆ. ನಾನು ಆಗ ಆ ಸಂಘದ ಕಾರ್ಯದರ್ಶಿಯಾಗಿದ್ದೆ. ಡಕ್ಟ್‌ನ ಬಾಗಿಲನ್ನು ಮೊದಲ ದಿನವೇ ತೆಗೆಸಿ ನೋಡಿದ್ದರೆ ಎರಡು ಕುಟುಂಬಗಳು ಲಿಫ್ಟ್‌ನಲ್ಲಿ ಮುಖ ತಿರುಗಿಸಿಕೊಂಡು ನಿಲ್ಲುವ ಸ್ಥಿತಿ ಬರುತ್ತಿರಲಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನೆರೆಹೊರೆಯ ಜಗಳಗಳು ಬಹುಮಟ್ಟಿಗೆ ಸೋರಿಕೆ, ಸದ್ದು, ಪಾರ್ಕಿಂಗ್, ನಾಯಿ, ಕಸ ಮತ್ತು ಕಾರಿಡಾರ್‌ನಲ್ಲಿ ಇಟ್ಟ ಸಾಮಾನು ಇವುಗಳ ಸುತ್ತಲೇ ತಿರುಗುತ್ತವೆ. ಕಿರಿಕಿರಿಯ ಮೂಲವನ್ನು ಪತ್ತೆ ಮಾಡುವುದು, ಮುಖತಃ ಮಾತನಾಡುವುದು, ಬರಹದಲ್ಲಿ ತಿಳಿಸುವುದು, ಸಂಘದ ಮುಂದಿಡುವುದು, ಮಧ್ಯಸ್ಥಿಕೆಗೆ ಹೋಗುವುದು, ಕೊನೆಗೆ ಕಾನೂನಿನ ಮೊರೆ ಹೋಗುವುದು ಎಂಬ ಈ ಕ್ರಮವನ್ನು ಒಂದು ಮೆಟ್ಟಿಲನ್ನೂ ಹಾರದೆ ಪಾಲಿಸಿದರೆ ಹೆಚ್ಚಿನವು ಮೂರನೆಯ ಮೆಟ್ಟಿಲಿನೊಳಗೇ ಮುಗಿಯುತ್ತವೆ ಎಂಬುದು ನಾನು ಕಂಡದ್ದು. ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ. ಬೆದರಿಕೆ, ಹಲ್ಲೆ, ಹೆಂಗಸರನ್ನು ಹಿಂಬಾಲಿಸುವುದು, ಜಾತಿ ಹಿಡಿದು ನಿಂದಿಸುವುದು ಇವು ನೆರೆಹೊರೆಯ ಕಿರಿಕಿರಿಗಳಲ್ಲ, ಅಪರಾಧಗಳು. ಅಂಥ ಸಂದರ್ಭದಲ್ಲಿ ಸಂಘದ ಸಭೆಗಾಗಿ ಕಾಯದೆ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ ದೂರು ಕೊಡಬೇಕು.

ಮೊದಲು ಮೂಲವನ್ನು ಪತ್ತೆ ಮಾಡಿ

ಸೋರಿಕೆಯ ವಿಷಯದಲ್ಲಿ ಮೇಲ್ಮನೆಯ ಬಾಗಿಲು ತಟ್ಟುವ ಮೊದಲು ಎರಡು ವಾರ ಗಮನಿಸಿ. ಕಲೆಯ ಅಂಚಿನ ಉದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗೆರೆಯನ್ನು ದಾಟಿ ತೇವ ಯಾವಾಗ ಹರಡಿತು ಎಂಬುದೇ ಅರ್ಧ ಉತ್ತರವನ್ನು ಹೇಳುತ್ತದೆ. ಮಳೆ ಬಂದ ಮರುದಿನ ಮಾತ್ರ ಕಲೆ ಬೆಳೆಯುತ್ತಿದ್ದರೆ ಹೊರಗೋಡೆಯ ಬಿರುಕು, ತಾರಸಿ ಅಥವಾ ಮಳೆನೀರಿನ ಪೈಪನ್ನು ಶಂಕಿಸಬೇಕು. ಬೆಳಗಿನ ಸ್ನಾನದ ಹೊತ್ತು ಕಳೆದ ಮೇಲೆ ತೊಟ್ಟಿಕ್ಕಿ, ಮಧ್ಯಾಹ್ನದ ವೇಳೆಗೆ ನಿಲ್ಲುತ್ತಿದ್ದರೆ ಮೇಲ್ಮನೆಯ ಬಚ್ಚಲಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ತೂತು), ಟೈಲ್ಸ್‌ಗಳ ಸಂದು ಅಥವಾ ಕೊಳೆನೀರಿನ ಪೈಪಿನಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು. ಹಗಲಿರುಳೂ ಒಂದೇ ಸಮನೆ ತೊಟ್ಟಿಕ್ಕುತ್ತಿದ್ದರೆ, ಸದಾ ಒತ್ತಡದಲ್ಲಿರುವ ಸರಬರಾಜು ಪೈಪು ಒಡೆದಿರಬಹುದು; ಮೇಲ್ಮನೆಯವರು ಒಂದು ರಾತ್ರಿ ತಮ್ಮ ಮನೆಯ ವಾಲ್ವ್ ಮುಚ್ಚಿಟ್ಟು, ತೊಟ್ಟಿಕ್ಕುವುದು ಕಡಿಮೆಯಾಗುವುದೇ ಎಂದು ನೋಡಿದರೆ ಇದು ಬಹುಮಟ್ಟಿಗೆ ಖಚಿತವಾಗುತ್ತದೆ.

ಬಚ್ಚಲಿನ ನೆಲವನ್ನು ಪರೀಕ್ಷಿಸುವ ಸುಲಭ ವಿಧಾನವೊಂದು ಪ್ಲಂಬರ್‌ಗಳಿಗೆಲ್ಲ ಗೊತ್ತಿದೆ. ನಹಾನಿ ಟ್ರ್ಯಾಪ್‌ಗೆ ಬಟ್ಟೆ ತುರುಕಿ, ಬಣ್ಣ ಕಲಸಿದ ನೀರನ್ನು ಒಂದು ಅಂಗುಲದಷ್ಟು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಮನೆಯ ಚಾವಣಿಯನ್ನು ನೋಡುವುದು. ಬಣ್ಣದ ನೀರು ಇಳಿದರೆ ವಾದಕ್ಕೆ ಎಡೆಯೇ ಉಳಿಯುವುದಿಲ್ಲ. ಈ ಪರೀಕ್ಷೆ ನಡೆಯುವಾಗ ಎರಡೂ ಮನೆಯವರು ಹಾಜರಿರಬೇಕು. ಪ್ಲಂಬರ್ ಇಬ್ಬರಿಗೂ ಒಪ್ಪಿಗೆಯಾದವರಾಗಿರಬೇಕು. ಇನ್ನೊಂದು ಸಂಗತಿಯನ್ನು ಕೆಳಮನೆಯವರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಕಟ್ಟಡಗಳಲ್ಲಿ ಬಚ್ಚಲಿನ ನೆಲವನ್ನು ತಗ್ಗಿಸಿ, ಆ ಗುಂಡಿಯನ್ನು ಇಟ್ಟಿಗೆ ಚೂರುಗಳಿಂದ ತುಂಬಿರುತ್ತಾರೆ. ಅದರಲ್ಲಿ ನಿಂತ ನೀರು ದುರಸ್ತಿಯಾದ ನಂತರವೂ ಕೆಲವು ವಾರ ಜಿನುಗುತ್ತಲೇ ಇರುತ್ತದೆ. ದುರಸ್ತಿಯಾದ ನಾಲ್ಕನೆಯ ದಿನವೇ "ಏನೂ ಸರಿಯಾಗಿಲ್ಲ" ಎಂದು ಹೋಗಿ ನಿಂತರೆ, ದುಡ್ಡು ಖರ್ಚು ಮಾಡಿದವರಿಗೆ ಸಹಜವಾಗಿಯೇ ಸಿಟ್ಟು ಬರುತ್ತದೆ.

ಸದ್ದಿನ ಮೂಲವನ್ನು ಹಿಡಿಯುವುದು ಇನ್ನೂ ಕಷ್ಟ. ಮಾತು, ಹಾಡು, ಟಿವಿಯ ಸದ್ದು ಗಾಳಿಯಲ್ಲಿ ಬರುವುದರಿಂದ ದಿಕ್ಕು ತಿಳಿಯುತ್ತದೆ. ಕುಟ್ಟುವ, ಎಳೆಯುವ, ಓಡುವ ಸದ್ದು ಕಾಂಕ್ರೀಟಿನ ಮೂಲಕ ಸಾಗುವುದರಿಂದ ಎರಡು ಮಹಡಿ ಮೇಲಿನದ್ದೋ ಪಕ್ಕದ ಮನೆಯದ್ದೋ ನೆತ್ತಿಯ ಮೇಲೆಯೇ ಆದಂತೆ ಕೇಳುತ್ತದೆ. ದಿನವೂ ಬೆಳಗ್ಗೆ ಐದೂವರೆಗೆ ಮೇಲ್ಮನೆಯವರು ಏನನ್ನೋ ದೊಪ್ಪನೆ ಬೀಳಿಸುತ್ತಾರೆಂದು ವಯಸ್ಸಾದ ದಂಪತಿ ನನ್ನಲ್ಲಿ ದೂರಿದ್ದರು. ಮೇಲ್ಮನೆಯಲ್ಲಿದ್ದ ಹುಡುಗರಿಬ್ಬರು ರಾತ್ರಿ ಪಾಳಿ ಮುಗಿಸಿ ಆರೂವರೆಗೆ ಮನೆಗೆ ಬರುವವರು. ಸೆಕ್ಯುರಿಟಿಯವರು ಬರೆದಿಡುತ್ತಿದ್ದ ಪಂಪಿನ ಸಮಯದೊಡನೆ ಹೋಲಿಸಿದಾಗ ವಿಷಯ ತಿಳಿಯಿತು. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಮೋಟಾರ್ ನಿಂತ ಕ್ಷಣ, ಪೈಪಿನಲ್ಲಿದ್ದ ನೀರು ಹಿಂದಕ್ಕೆ ನುಗ್ಗಿ ವಾಲ್ವ್ ಬಡಿದುಕೊಳ್ಳುತ್ತಿತ್ತು. ಆ ಬಡಿತವೇ ಗೋಡೆಯೊಳಗಿನ ಪೈಪಿನ ಮೂಲಕ ಅವರ ಕೋಣೆಗೆ ಬರುತ್ತಿತ್ತು. ವಾಲ್ವ್ ಬದಲಾಯಿಸಿದ ಮೇಲೆ ಸದ್ದು ನಿಂತಿತು. ಆದ್ದರಿಂದ ಒಂದು ವಾರದ ಮಟ್ಟಿಗಾದರೂ ಸದ್ದಿನ ಸಮಯ, ಅದು ಎಷ್ಟು ಹೊತ್ತು ಇತ್ತು, ಯಾವ ಬಗೆಯದು ಎಂಬುದನ್ನು ಬರೆದಿಡಿ. ಮೊಬೈಲಿನ ಡೆಸಿಬೆಲ್ ಆ್ಯಪ್‌ಗಳ ಅಂಕಿ ನಿಮ್ಮ ಅಂದಾಜಿಗೆ ಸಾಕು, ಪುರಾವೆಯಾಗಿ ಅದನ್ನೇ ನೆಚ್ಚಿಕೊಳ್ಳಬೇಡಿ.

ಮಾತನಾಡುವ ಹೊತ್ತು ಮತ್ತು ಬಗೆ

ಕಿರಿಕಿರಿ ನಡೆಯುತ್ತಿರುವ ಹೊತ್ತಿನಲ್ಲಿ ಹೋಗಿ ಬಾಗಿಲು ಬಡಿಯಬೇಡಿ. ಆಗ ನಿಮ್ಮ ದನಿಯೂ ಏರಿರುತ್ತದೆ, ಎದುರಿನವರ ಮನೆಯಲ್ಲಿ ನೆಂಟರೂ ಇರಬಹುದು. ಶನಿವಾರವೋ ಭಾನುವಾರವೋ ತಿಂಡಿಯ ಹೊತ್ತು ಕಳೆದ ಮೇಲೆ, ಮೊದಲೇ ಒಂದು ಸಂದೇಶ ಕಳಿಸಿ, ಒಬ್ಬರೇ ಅಥವಾ ಮನೆಯವರೊಬ್ಬರ ಜೊತೆ ಹೋಗಿ. ಸಮಿತಿಯ ಸದಸ್ಯರನ್ನು ಕರೆದುಕೊಂಡು ಹೋದರೆ ಮೊದಲ ಭೇಟಿಯೇ ಪಂಚಾಯಿತಿಯಾಗಿಬಿಡುತ್ತದೆ. ಮನೆಗೆಲಸದವರ ಮೂಲಕ, ಸೆಕ್ಯುರಿಟಿಯವರ ಮೂಲಕ ಹೇಳಿಕಳಿಸುವುದಂತೂ ಬೇಡವೇ ಬೇಡ. ಎರಡು ಮನೆಗಳ ನಡುವಿನ ಮಾತಿಗೆ ಸಿಕ್ಕಿ ನರಳುವವರು ಅವರೇ.

ನಡೆದದ್ದು, ಅದರಿಂದ ನಿಮಗಾಗುತ್ತಿರುವ ತೊಂದರೆ, ನಿಮ್ಮ ಕೋರಿಕೆ, ಈ ಮೂರನ್ನೇ ಹೇಳಿ. "ಆಂಟಿ, ರಾತ್ರಿ ಹತ್ತೂವರೆ ಹೊತ್ತಿಗೆ ಗ್ರೈಂಡರ್ ಸದ್ದು ನಮ್ಮ ಕೋಣೆಗೆ ತುಂಬ ಕೇಳುತ್ತೆ, ಮಗು ಎದ್ದುಬಿಡುತ್ತೆ. ಒಂಬತ್ತರೊಳಗೆ ರುಬ್ಬಿಕೊಳ್ಳೋಕೆ ಆಗುತ್ತಾ? ಬೇಕಾದರೆ ಒಂದು ರಾತ್ರಿ ನಮ್ಮ ಮನೆಗೇ ಬಂದು ಕೇಳಿ ನೋಡಿ." ಇಷ್ಟು ಸಾಕು. "ನೀವು ಯಾವಾಗಲೂ ಹೀಗೇ", "ನಿಮ್ಮ ಕಡೆಯವರೆಲ್ಲ ಹೀಗೇ" ಎಂಬ ಮಾತು ಒಮ್ಮೆ ಬಾಯಿಂದ ಬಿದ್ದರೆ ಗ್ರೈಂಡರಿನ ವಿಷಯ ಅಲ್ಲಿಗೇ ಮರೆತುಹೋಗಿ, ಊರು, ಭಾಷೆ, ಊಟದ ಪದ್ಧತಿಗಳ ಜಗಳ ಶುರುವಾಗುತ್ತದೆ. ಮೀನು ಹುರಿಯುವ ವಾಸನೆಯನ್ನು ಕುರಿತ ದೂರುಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಒಂದು ಮನೆಯವರು ಏನು ಬೇಯಿಸುತ್ತಾರೆ ಎಂಬುದು ದೂರಿಗೆ ವಸ್ತುವಾಗಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಚಿಮಣಿಯ ಗಾಳಿ ನೇರವಾಗಿ ಇನ್ನೊಬ್ಬರ ಕಿಟಕಿಗೆ ಬಡಿಯುತ್ತಿದ್ದರೆ ಪೈಪಿನ ಬಾಯನ್ನು ತಿರುಗಿಸಿ ಎಂದು ಕೇಳಬಹುದು, ಅದಕ್ಕೂ ಅಡುಗೆಗೂ ಸಂಬಂಧವಿಲ್ಲ.

ಎದುರಿನವರು ಒಪ್ಪಿಕೊಳ್ಳಲು ಸುಲಭವಾದ, ಕಡಿಮೆ ಖರ್ಚಿನ ಪರಿಹಾರವೊಂದನ್ನು ನೀವೇ ಯೋಚಿಸಿಕೊಂಡು ಹೋಗುವುದು ಒಳ್ಳೆಯದು. ಗ್ರೈಂಡರಿನ ಅಡಿಗೆ ದಪ್ಪನೆಯ ರಬ್ಬರ್ ಹಾಸು, ಕುರ್ಚಿ ಮೇಜುಗಳ ಕಾಲಿಗೆ ಅಂಟಿಸುವ ಬಟ್ಟೆಯ ಬಿಲ್ಲೆ, ವಾಷಿಂಗ್ ಮಷೀನಿನ ನಾಲ್ಕು ಕಾಲುಗಳನ್ನು ಮಟ್ಟ ಮಾಡುವುದು, ಮಕ್ಕಳು ಆಡುವ ಕೋಣೆಗೆ ಒಂದು ಜಮಖಾನ, ಬಾಲ್ಕನಿಯ ಹೂಕುಂಡಗಳ ಕೆಳಗೆ ತಟ್ಟೆ. ನೂರಿನ್ನೂರು ರೂಪಾಯಿಯ ರಬ್ಬರ್ ಹಾಸು ವರ್ಷಗಳ ಮುನಿಸನ್ನು ತಪ್ಪಿಸಿದ್ದನ್ನು ನಾನು ನೋಡಿದ್ದೇನೆ.

ಎದುರು ಮನೆಯವರು ಬಾಡಿಗೆಗೆ ಇದ್ದರೆ ಅವರೊಡನೆಯೇ ಮೊದಲು ಮಾತನಾಡಿ. ಸೀದಾ ಮಾಲೀಕರಿಗೆ ಫೋನ್ ಮಾಡಿದರೆ ಬಾಡಿಗೆಯವರಿಗೆ ಮನೆ ಬಿಡಬೇಕಾದೀತೆಂಬ ಭಯ ಹುಟ್ಟುತ್ತದೆ. ಭಯಪಟ್ಟವರೊಡನೆ ನೇರವಾಗಿ ಮಾತನಾಡುವುದು ಆಮೇಲೆ ಸಾಧ್ಯವಾಗುವುದಿಲ್ಲ. ಪೈಪು, ನೆಲ, ಗೋಡೆಗಳ ದುರಸ್ತಿ ಮಾತ್ರ ಮಾಲೀಕರಿಗೇ ಹೇಳಬೇಕಾದ ವಿಷಯ.

ದೂರು ನಿಮ್ಮ ಮೇಲೆಯೇ ಬಂದರೂ ಇದೇ ರೀತಿ ನಡೆದುಕೊಳ್ಳಿ. "ನಮ್ಮ ಮನೆಯಿಂದ ಅಲ್ಲ" ಎಂದು ಬಾಗಿಲಲ್ಲೇ ನಿಂತು ಹೇಳುವ ಬದಲು, ಕೆಳಗೆ ಹೋಗಿ ಕಲೆಯನ್ನು ಕಣ್ಣಾರೆ ನೋಡಿ, ಸದ್ದನ್ನು ಕಿವಿಯಾರೆ ಕೇಳಿ. ತಪ್ಪು ನಿಮ್ಮದಲ್ಲದಿದ್ದರೂ ನೋಡಲು ಹೋದದ್ದೇ ಅರ್ಧ ಕೋಪವನ್ನು ಇಳಿಸುತ್ತದೆ.

ಬರಹದಲ್ಲಿ ತಿಳಿಸುವುದು, ಸಂಘದ ಮುಂದಿಡುವುದು

ಎರಡು ಸಲ ಮಾತನಾಡಿದರೂ ಏನೂ ಆಗದಿದ್ದರೆ ಇಮೇಲ್ ಅಥವಾ ಪತ್ರ ಬರೆಯಿರಿ. ಅದರಲ್ಲಿ ಆರೋಪದ ಮಾತು ಇರಬಾರದು. ದಿನಾಂಕಗಳು ಇರಬೇಕು, ಉತ್ತರಕ್ಕೆ ಒಂದು ಗಡುವು ಇರಬೇಕು. ಮಾದರಿಗೆ: "ಮಾನ್ಯರೇ, ಜೂನ್ 8ರಂದು ಮತ್ತು 22ರಂದು ನಾವು ಭೇಟಿಯಾಗಿ ಮಾತನಾಡಿದಂತೆ, ನಮ್ಮ ಮಲಗುವ ಕೋಣೆಯ ಚಾವಣಿಯಲ್ಲಿ ನೀರು ಇಳಿಯುತ್ತಿರುವುದು ನಿಂತಿಲ್ಲ. ದಿನಾಂಕ ಸಹಿತ ಚಿತ್ರಗಳನ್ನು ಲಗತ್ತಿಸಿದ್ದೇನೆ. ಇಬ್ಬರಿಗೂ ಒಪ್ಪಿಗೆಯಾಗುವ ಪ್ಲಂಬರ್ ಒಬ್ಬರಿಂದ ಪರೀಕ್ಷೆ ಮಾಡಿಸಲು 15 ದಿನಗಳೊಳಗೆ ಒಂದು ದಿನ ಗೊತ್ತು ಮಾಡಿ ತಿಳಿಸಬೇಕಾಗಿ ವಿನಂತಿ. ಪರೀಕ್ಷೆಯ ಖರ್ಚಿನಲ್ಲಿ ಅರ್ಧವನ್ನು ನಾನು ಕೊಡಲು ಸಿದ್ಧನಿದ್ದೇನೆ." ವಾಟ್ಸ್‌ಆ್ಯಪ್ ಗುಂಪು ನೀರು ಬರದ ದಿನದ ಸೂಚನೆಗೆ ಸರಿ, ಇಬ್ಬರ ನಡುವಿನ ದೂರಿಗೆ ಅದು ತಕ್ಕ ಜಾಗವಲ್ಲ. ನೂರು ಜನರೆದುರು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಗಡುವು ಕಳೆದ ಮೇಲೆ ಸಂಘಕ್ಕೆ ದೂರು ಕೊಡಿ. ಅದಕ್ಕೂ ಮೊದಲು ನಿಮ್ಮ ಸಂಘ ಯಾವ ಕಾಯ್ದೆಯಡಿ ರಚನೆಯಾಗಿದೆ ಎಂದು ತಿಳಿದುಕೊಳ್ಳಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959 ಇವುಗಳಲ್ಲಿ ಒಂದರಡಿ ಅದು ಇರುತ್ತದೆ, ಮತ್ತು ಮುಂದಿನ ಹಾದಿ ಅದನ್ನು ಅವಲಂಬಿಸಿರುತ್ತದೆ. 1972ರ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಮಾಲೀಕರೂ ಸಂಘದ ಒಳನಿಯಮಗಳಾದ ಬೈಲಾಗಳಿಗೆ ಬದ್ಧರು. ಪಾಲಿಸದಿದ್ದರೆ ಪರಿಹಾರಕ್ಕಾಗಿ ಅಥವಾ ತಡೆಯಾಜ್ಞೆಗಾಗಿ ನ್ಯಾಯಾಲಯಕ್ಕೆ ಹೋಗಲು ಅವಕಾಶವಿದೆ. ಮನೆ ಕೊಂಡಾಗ ಬಂದ ಕಾಗದಗಳ ಕಟ್ಟಿನಲ್ಲಿ ಬೈಲಾಗಳ ಪ್ರತಿ ಇರದಿದ್ದರೆ ಕಾರ್ಯದರ್ಶಿಯವರಿಂದ ಕೇಳಿ ಪಡೆಯಿರಿ. ದೂರಿನಲ್ಲಿ ಸಂಬಂಧಪಟ್ಟ ನಿಯಮದ ಸಂಖ್ಯೆಯನ್ನು ಬರೆದರೆ ಸಮಿತಿಯವರು ಅದನ್ನು ಪಕ್ಕಕ್ಕಿಡುವುದು ಕಷ್ಟ.

ಸಮಿತಿಯಲ್ಲಿರುವವರಿಗೂ ಕೆಲವು ಮಾತು ಹೇಳಬೇಕು. ಇಬ್ಬರನ್ನೂ ಮೊದಲು ಬೇರೆಬೇರೆಯಾಗಿ, ಆಮೇಲೆ ಒಟ್ಟಿಗೆ ಕೇಳಿ. ಸ್ಥಳವನ್ನು ನೋಡದೆ ತೀರ್ಮಾನ ಬರೆಯಬೇಡಿ. ದೂರುದಾರರೋ ಎದುರಿನವರೋ ಸಮಿತಿಯ ಸದಸ್ಯರಾಗಿದ್ದರೆ ಅವರು ಆ ಸಭೆಯಿಂದ ಹೊರಗಿರಬೇಕು. ಬೈಲಾದಲ್ಲಿ ಇಲ್ಲದ ದಂಡವನ್ನು ವಾಟ್ಸ್‌ಆ್ಯಪ್‌ನಲ್ಲಿ ಘೋಷಿಸಿ ವಸೂಲಿ ಮಾಡಲು ಹೊರಡಬೇಡಿ. ಒತ್ತಡ ಹೇರಲೆಂದು ಒಂದು ಮನೆಯ ನೀರನ್ನೋ ವಿದ್ಯುತ್ತನ್ನೋ ಕಡಿಯುವುದಂತೂ ಸಂಘವನ್ನೇ ಕಟಕಟೆಗೆ ತಂದು ನಿಲ್ಲಿಸುವ ಕೆಲಸ. ಬ್ಯಾಚುಲರ್‌ಗಳು, ಬಾಡಿಗೆದಾರರು ಎಂಬ ಕಾರಣಕ್ಕೆ ಒಂದು ಅಳತೆ, ಮಾಲೀಕರಿಗೆ ಇನ್ನೊಂದು ಅಳತೆ ಇಟ್ಟುಕೊಂಡ ಸಮಿತಿಯ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಇಂಟೀರಿಯರ್ ಕೆಲಸದ ಡ್ರಿಲ್ಲಿಂಗ್‌ಗೆ ಸಮಯ, ಭಾನುವಾರದ ಬಿಡುವು, ಅತಿಥಿಗಳ ಪಾರ್ಕಿಂಗ್, ಬೆಂಕಿ ಬಿದ್ದಾಗ ಓಡಿಹೋಗಬೇಕಾದ ಕಾರಿಡಾರ್‌ನಲ್ಲಿ ಚಪ್ಪಲಿ ಗೂಡು ಮತ್ತು ಸೈಕಲ್ ಇಡದಿರುವುದು ಇವನ್ನೆಲ್ಲ ಸರ್ವಸದಸ್ಯರ ಸಭೆಯಲ್ಲಿ ಮೊದಲೇ ತೀರ್ಮಾನಿಸಿಟ್ಟರೆ ಜಗಳ ಹುಟ್ಟಿದ ದಿನ ಯಾರನ್ನೂ ಗುರಿ ಮಾಡಿದಂತಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ

ಶಬ್ದ ಮಾಲಿನ್ಯ ನಿಯಮಗಳು 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ಆ ಅವಧಿಯಲ್ಲಿ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ; ವಸತಿ ಪ್ರದೇಶದಲ್ಲಿ ಪಟಾಕಿ ಹೊಡೆಯುವುದಕ್ಕೂ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಓಡಿಸುವುದಕ್ಕೂ ಅವಕಾಶವಿಲ್ಲ. ಹಬ್ಬಗಳ ಸಂದರ್ಭದಲ್ಲಿ ರಾಜ್ಯ ಸರ್ಕಾರವು ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ಧ್ವನಿವರ್ಧಕಕ್ಕೆ ವಿನಾಯಿತಿ ಕೊಡಬಹುದು, ಆದರೆ ಅಪಾರ್ಟ್‌ಮೆಂಟ್ ಸಮಿತಿಗೆ ಆ ಅಧಿಕಾರವಿಲ್ಲ. ಖಾಸಗಿ ಸ್ಥಳದ ಸೌಂಡ್ ಸಿಸ್ಟಮ್‌ನ ಸದ್ದು ಆ ಸ್ಥಳದ ಎಲ್ಲೆಯಲ್ಲಿ ನಿಗದಿತ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು.

ತಡರಾತ್ರಿಯ ಪಾರ್ಟಿ ನಿಲ್ಲದಿದ್ದರೆ 112ಕ್ಕೆ ಕರೆ ಮಾಡಬಹುದು. ಠಾಣೆಗೆ ಲಿಖಿತ ದೂರು ಕೊಟ್ಟರೆ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಕ್ರಮ ಕೈಗೊಳ್ಳಲಾಗದು ಎಂದಾದರೆ ಅದನ್ನೇ ಬರೆದ ಹಿಂಬರಹ ಕೊಡಿ ಎನ್ನಿ. ಈ ಕಾಗದಗಳೇ ಮುಂದೆ ನೆರವಿಗೆ ಬರುತ್ತವೆ. ಭಾರತೀಯ ನ್ಯಾಯ ಸಂಹಿತೆಯ 270ನೆಯ ಕಲಮಿನಲ್ಲಿ ಸಾರ್ವಜನಿಕ ಉಪದ್ರವದ ವ್ಯಾಖ್ಯೆಯಿದ್ದು, 292ನೆಯ ಕಲಮಿನಲ್ಲಿ 1,000 ರೂಪಾಯಿವರೆಗಿನ ದಂಡವಿದೆ. ಆದರೆ ಸುತ್ತಲಿನ ಜನರಿಗೆಲ್ಲ ಸಾಮಾನ್ಯವಾಗಿ ತಟ್ಟುವ ತೊಂದರೆಗೆ ಮಾತ್ರ ಅದು ಅನ್ವಯಿಸುತ್ತದೆ. ಮೇಲ್ಮನೆಯ ನೀರು ನಿಮ್ಮೊಬ್ಬರ ಚಾವಣಿಗೆ ಇಳಿದರೆ ಅದು ಸಿವಿಲ್ ವ್ಯಾಜ್ಯವೇ ಹೊರತು ಪೊಲೀಸರು ಬಗೆಹರಿಸುವಂಥದ್ದಲ್ಲ. ಇದನ್ನು ಅರಿಯದೆ ಠಾಣೆ ಹತ್ತಿ ಬರಿಗೈಯಲ್ಲಿ ಮರಳಿದವರು ಬಹಳ ಜನ.

ಸಾಕುನಾಯಿಗಳ ವಿಷಯದಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸ್ಪಷ್ಟವಾಗಿದೆ. ನಾಯಿ ಸಾಕುವುದನ್ನೇ ಸಂಘ ನಿಷೇಧಿಸುವಂತಿಲ್ಲ, ಲಿಫ್ಟ್‌ನಲ್ಲಿ ಕರೆದೊಯ್ಯಬಾರದು ಎನ್ನುವಂತೆಯೂ ಇಲ್ಲ. ಹಾಗೆಂದು ಸಾಕಿದವರ ಹೊಣೆ ಕಡಿಮೆಯಾಗುವುದಿಲ್ಲ. ಹಗ್ಗ ಹಿಡಿದು ನಡೆಸುವುದು, ಹೇಸಿಗೆಯನ್ನು ತಾವೇ ಎತ್ತುವುದು, ಲಸಿಕೆ ಹಾಕಿಸುವುದು ಅವರ ಕೆಲಸ. ದಿನವಿಡೀ ಬೊಗಳುವ ನಾಯಿ ಬಹಳ ಸಲ ಒಂಟಿಯಾಗಿ ಬಿಟ್ಟುಹೋದ ನಾಯಿಯೇ ಆಗಿರುತ್ತದೆ. ಅದರ ಮಾಲೀಕರು ಆಫೀಸಿನಲ್ಲಿರುವುದರಿಂದ ಅದು ಬೊಗಳುವುದು ಅವರಿಗೆ ಗೊತ್ತೇ ಇರುವುದಿಲ್ಲ, ಒಂದು ರೆಕಾರ್ಡಿಂಗ್ ಕೇಳಿಸಿದರೆ ನಂಬುತ್ತಾರೆ. ಬಾಗಿಲ ಮುಂದೆ ಸಿಸಿಟಿವಿ ಹಾಕುವವರು ಅದರ ಕಣ್ಣು ಎದುರು ಮನೆಯ ಒಳಕ್ಕೆ ನೆಟ್ಟಿರದಂತೆ ನೋಡಿಕೊಳ್ಳಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು, ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ.

ಬಾಲ್ಕನಿಯನ್ನು ಅಕ್ರಮವಾಗಿ ಮುಚ್ಚಿ ಕೋಣೆ ಮಾಡಿಕೊಂಡಿರುವುದು, ಕಟ್ಟಡದ ಹೊರಗೆ ಕಸ ಸುರಿಯುವುದು ಇವು ನಗರಪಾಲಿಕೆಯ ವ್ಯಾಪ್ತಿಯ ವಿಷಯಗಳು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದಿರುವುದರಿಂದ ನಿಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿ ದೂರು ಬರೆಯಿರಿ.

ಮಧ್ಯಸ್ಥಿಕೆ ಮತ್ತು ರಾಜಿ ಪತ್ರ

ಸಂಘದಿಂದಲೂ ಆಗದಿದ್ದಾಗ ವಕೀಲರ ನೋಟಿಸಿಗಿಂತ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡುವುದು ಒಳ್ಳೆಯದೆಂದು ನನ್ನ ಸಲಹೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಡಿ, ದಾವೆ ಹೂಡುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್‌ನ ಮುಂದೆ ಇಡಲು ಅವಕಾಶವಿದೆ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ಮಾಹಿತಿಗೆ 15100 ಸಹಾಯವಾಣಿ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ದಾವೆ ಹೂಡಿದ ನಂತರವೂ ನ್ಯಾಯಾಲಯ ಅದನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಬೆಂಗಳೂರಿನಲ್ಲಿ 2007ರಿಂದ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿ ತರಬೇತಿ ಪಡೆದ ಮಧ್ಯಸ್ಥಿಕೆದಾರರು ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ. ತಡೆಯಾಜ್ಞೆ ಮತ್ತು ನಷ್ಟ ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡುವ ಹಕ್ಕು ಯಾವಾಗಲೂ ಇದ್ದೇ ಇದೆ, ಆದರೆ ಅದು ವರ್ಷಗಟ್ಟಲೆ ನಡೆಯಬಹುದು, ಅಷ್ಟು ವರ್ಷವೂ ಇಬ್ಬರೂ ಒಂದೇ ಲಿಫ್ಟ್‌ನಲ್ಲಿ ಓಡಾಡಬೇಕು.

ಯಾವ ಹಂತದಲ್ಲಿ ಒಪ್ಪಂದವಾದರೂ ಅದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಕೆಲಸ ಯಾವುದು, ಯಾವ ದಿನಾಂಕದೊಳಗೆ, ಪ್ಲಂಬರ್ ಮನೆಯೊಳಗೆ ಬರಲು ಯಾವ ಹೊತ್ತು ಅನುಕೂಲ, ಟೈಲ್ಸ್ ಖರ್ಚು ಯಾರದು, ಕೆಳಮನೆಯ ಚಾವಣಿಗೆ ಮತ್ತೆ ಬಣ್ಣ ಹೊಡೆಸುವ ಖರ್ಚು ಯಾರದು, ಇವಿಷ್ಟೂ ಅದರಲ್ಲಿರಲಿ. ಮೇಲ್ಮನೆಯ ಒಳಗಿನ ಪೈಪು ಮತ್ತು ನೆಲ ಆ ಮನೆಯವರದು, ಡಕ್ಟ್ ಮತ್ತು ತಾರಸಿ ಸಂಘದ್ದು ಎಂಬುದು ಸಾಮಾನ್ಯ ಪದ್ಧತಿ. ನಿಮ್ಮ ಬೈಲಾದಲ್ಲಿ ಬೇರೆ ರೀತಿ ಇದ್ದರೆ ಅದರಂತೆ ನಡೆಯಿರಿ. ಬಣ್ಣ ಹೊಡೆಸುವುದಕ್ಕೆ ಅವಸರ ಮಾಡಬೇಡಿ. ಚಾವಣಿ ಪೂರ್ತಿ ಒಣಗಿ, ಒಂದು ಜೋರು ಮಳೆ ಬಂದು ಹೋಗಲಿ. ಮಳೆ ನಿಂತ ಮರುದಿನ ಮೇಲ್ಮನೆಯವರನ್ನು ಕೆಳಗೆ ಕರೆದು, ತೇವ ಪೆನ್ಸಿಲ್ ಗೆರೆಯನ್ನು ದಾಟಿಲ್ಲವೆಂಬುದನ್ನು ಅವರಿಗೆ ತೋರಿಸಿ, ಅದರ ಪಕ್ಕದಲ್ಲಿ ಆ ದಿನದ ದಿನಾಂಕವನ್ನೂ ಬರೆದು, ಆಮೇಲೆ ಪೇಂಟರ್‌ನನ್ನು ಕರೆಯಿರಿ.